ಹೊಸ ಶರ್ಟು, ಹಳೆ ಪ್ಯಾಂಟು

ಖಾಕಿ ತೊಟ್ಟು ಲೋಕಲ್ ರೈಲು ಹತ್ತಿದ ದಿನ ಯಾರಾದರೂ ನನ್ನನ್ನು ಪೊಲೀಸ್ ಎಂದುಕೊಂಡರೆ ನಾನು ಅವರನ್ನು ತಿದ್ದುವುದಿಲ್ಲ. ತಿದ್ದಬೇಕು, ಗೊತ್ತು. ಆದರೆ ಬೆಳಗಿನ ಹೊತ್ತಿನಲ್ಲಿ ಡೊಂಬಿವಲಿಯಿಂದ ಠಾಣೆ ಶಹರಕ್ಕೆ ಹೋಗುವ ಲೇಡೀಸ್ ಡಬ್ಬಿಯನ್ನು ನೀವು ಒಮ್ಮೆ ಹತ್ತಿ ನೋಡಿ, ಆಮೇಲೆ ನನಗೆ ಸತ್ಯದ ಪಾಠ ಹೇಳಿ. ಸೀರೆಯಲ್ಲಿದ್ದಾಗ ನನ್ನ ಕಾಲು ತುಳಿದು ಮುಂದೆ ಹೋಗುವ ಅದೇ ಹೆಂಗಸರು ಖಾಕಿ ಕಂಡ ಕೂಡಲೇ ಬ್ಯಾಗು ಎದೆಗೊತ್ತಿಕೊಂಡು ದಾರಿ ಬಿಡುತ್ತಾರೆ. ಮೂರು ಜನರ ಬೆಂಚಿನಲ್ಲಿ ತುದಿಗೆ ಕೂರುವ ನಾಲ್ಕನೆಯವಳಿಗೆ ಜಾಗ ಕೊಡದ ಹೆಂಗಸಿನ ಮೇಲೆ ನನಗೆ ದೂರು ಬಂದದ್ದೂ ಉಂಟು. "ಮ್ಯಾಡಮ್, ಹೀ ಬಾಯಿ ಸರಕತ ನಾಹೀ, ಬಘಾ ನಾ!" ಎಂದು ಒಬ್ಬಾಕೆ, ಈ ಹೆಂಗಸು ಸರಿಯುತ್ತಿಲ್ಲವೆಂದು, ಬೆರಳು ತೋರಿಸಿದಳು. ನಾನು ಬಾಯಿ ಬಿಡಲಿಲ್ಲ, ಸುಮ್ಮನೆ ಆ ಸರಿಯದ ಬಾಯಿಯ ಕಡೆ ನೋಡಿದೆ. ಆಕೆ ಎಷ್ಟು ಸರಿದಳೆಂದರೆ ನಾಲ್ಕನೆಯವಳ ಜೊತೆಗೆ ನಾನೂ ಕೂರಬಹುದಿತ್ತು.

ನಿಜದಲ್ಲಿ ನಾನು ಠಾಣೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟರಮ್ಮ. ಹುಡುಗಿಯರ ಕೆಡೆಟ್ ತುಕಡಿಗೆ ಒಬ್ಬ ಮಹಿಳಾ ಅಧಿಕಾರಿ ಬೇಕಾದಾಗ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿ ನನ್ನನ್ನು ಆರಿಸಿದರು. ಎತ್ತರ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ. ದನಿ ಕಾರಣವೆಂದು ಆಮೇಲೆ ತಿಳಿಯಿತು. ಗದಗಿನ ಕಡೆಯವಳು ನಾನು. ನಮ್ಮಲ್ಲಿ ಪ್ರೀತಿಯ ಮಾತನ್ನೂ ಹೊಲದ ಆಚೆ ಬದಿಯವರಿಗೆ ಕೇಳುವ ಹಾಗೆ ಆಡುತ್ತಾರೆ. ಹೀಗೆ ನಡುವಯಸ್ಸಿಗೆ ಹತ್ತಿರವಾದಾಗ ನಾನು ತರಬೇತಿ ಶಿಬಿರಕ್ಕೆ ಹೋಗಿ ಎಡ ಯಾವುದು ಬಲ ಯಾವುದು ಎಂದು ಹೊಸದಾಗಿ ಕಲಿತು ಬಂದೆ. ನನ್ನ ಗಂಡ ಅಂದಿನಿಂದ ಅಡುಗೆಮನೆಗೆ ಬರುವ ಮುಂಚೆ ಒಮ್ಮೆ ಕಾಲು ಬಡಿದು ನಿಲ್ಲುತ್ತಾರೆ. ಅದು ಗೌರವವೋ ಗೇಲಿಯೋ ಎಂದು ನಾನು ಕೇಳಿಲ್ಲ.

ಶಿಬಿರದಲ್ಲಿ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ. ಆದರೆ ಸಮವಸ್ತ್ರದ ಕಾಯಿದೆಗಳು ಮಾತ್ರ ನನ್ನ ನಾಲಗೆಯ ತುದಿಯಲ್ಲಿವೆ. ಅವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು, ಹಳತು ಹೊಸತು ಬೆರಸುವ ಕಾಯಿದೆ. ಸೇನೆಯಲ್ಲಿ ಆಗಾಗ ಉಡುಪು ಬದಲಾಗುತ್ತದೆ. ಬಟ್ಟೆಯ ಛಾಯೆ, ಬೆಲ್ಟಿನ ಬಕಲ್ಲು, ಟೊಪ್ಪಿಗೆಯ ತುರಾಯಿ, ಏನಾದರೂ ಒಂದು. ಹೊಸತು ಬಂತೆಂದು ಹಳತು ಒಂದೇ ದಿನದಲ್ಲಿ ಮಾಯವಾಗುವುದಿಲ್ಲವಲ್ಲ? ಎರಡೂ ಕೆಲವು ಕಾಲ ಜೊತೆಗಿರುತ್ತವೆ. ಆಗ ಹಳೆ ಮಾದರಿಯ ಅಂಗಿಯ ಕೆಳಗೆ ಹೊಸ ಮಾದರಿಯ ಪ್ಯಾಂಟು ಹಾಕುವಂತಿಲ್ಲ. ಒಂದು ಮೈಯ ಮೇಲೆ ಒಂದೇ ಕಾಲ ಇರಬೇಕು. ಇದು ಮೊದಲ ಮಾತು. ಆದರೆ ದಾಸ್ತಾನು ಕಂತಿನಲ್ಲಿ ಬಂದು, ಬೆರಸದೆ ಗತಿಯೇ ಇಲ್ಲವೆಂದಾದರೆ, ಇಡೀ ತುಕಡಿ ಒಂದೇ ರೀತಿ ಬೆರಸಬೇಕು. ಇದು ಎರಡನೆಯ ಮಾತು, ಇದರಲ್ಲೇ ಸೊಗಸಿರುವುದು. ಒಬ್ಬಳು ಬೆರಸಿದರೆ ಅಶಿಸ್ತು, ಎಲ್ಲರೂ ಬೆರಸಿದರೆ ಸಮವಸ್ತ್ರ.

ನಮ್ಮ ನಾಗರಿಕ ಜೀವನದಲ್ಲಿ ಈ ಕಾಯಿದೆ ಇಲ್ಲದಿರುವುದು ಒಳ್ಳೆಯದೇ. ಇದ್ದಿದ್ದರೆ ನನ್ನನ್ನು ದಿನಾ ಶಿಕ್ಷೆಗೆ ಗುರಿಪಡಿಸಬೇಕಾಗುತ್ತಿತ್ತು. ನನ್ನವ್ವನ ಇಳಕಲ್ ಸೀರೆಗೆ ನಾನು ಕಲ್ಯಾಣದ ಅಂಗಡಿಯ ರೆಡಿಮೇಡ್ ಬ್ಲೌಸು ಹಾಕುತ್ತೇನೆ. ನಿನ್ನೆಯ ರೊಟ್ಟಿಗೆ ಇಂದಿನ ಪನೀರು ಸುತ್ತಿ ಡಬ್ಬಿ ಕಟ್ಟುತ್ತೇನೆ. ಮಾತಂತೂ ಕೇಳಲೇಬೇಡಿ. ಗದಗಿನ ಕ್ರಿಯಾಪದ, ಮುಂಬಯಿ ಹಿಂದಿಯ ನಾಮಪದ, ಜಗಳ ಬಂದರೆ ಅಚ್ಚ ಮರಾಠಿ.

ನಮ್ಮೂರ ಗುಡಿಯ ಹಿಂದೆ ಒಂದು ವೀರಗಲ್ಲು ಇದೆ. ಕೆಳಗಿನ ಪಟ್ಟಿಯಲ್ಲಿ ವೀರ ದನ ಬಿಡಿಸಲು ಕಾದುತ್ತಾನೆ, ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುತ್ತಾರೆ, ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಖಾಕಿ ತೊಡಲು ಶುರುಮಾಡಿದ ಮೇಲೆ ನಾನು ಆ ಕಲ್ಲನ್ನು ಬೇರೆ ಕಣ್ಣಿಂದ ನೋಡಿದೆ. ಮೂರು ಪಟ್ಟಿಯಲ್ಲೂ ಅವನ ಕಾಸೆ ಒಂದೇ, ನೆರಿಗೆಯೂ ಒಂದೇ! ಸ್ವರ್ಗಕ್ಕೆ ಹೋದರೂ ಹೊಸ ಬಟ್ಟೆ ಕೊಟ್ಟಿಲ್ಲ. ಅಲ್ಲಿಯೂ ದಾಸ್ತಾನು ತಡವಾಗುತ್ತಿತ್ತೇನೋ ಎಂದು ನನಗೆ ಆ ವೀರನ ಮೇಲೆ ಅಂತಃಕರಣ ಹುಟ್ಟಿತು.

ದಾಸ್ತಾನು ತಡವಾದ ಕತೆಯನ್ನೇ ನಾನು ಹೇಳಹೊರಟದ್ದು.

ಕಳೆದ ಗಣರಾಜ್ಯೋತ್ಸವದ ಕವಾಯತಿಗೆ ನಮ್ಮ ಹುಡುಗಿಯರ ತುಕಡಿಗೆ ಕರೆ ಬಂತು. ಠಾಣೆಯ ದೊಡ್ಡ ಮೈದಾನ, ಹತ್ತಾರು ಕಾಲೇಜುಗಳು. ನಮ್ಮ ಕಾಲೇಜಿನಿಂದ ಅದುವರೆಗೆ ಹುಡುಗರೇ ಹೋಗುತ್ತಿದ್ದರು. ಹುಡುಗಿಯರು ನೀರಿನ ಬಾಟಲಿ ಹಂಚುವ ಸೇವೆಗೆ ಹೋಗುತ್ತಿದ್ದರು. ಈ ಸಲ ಹುಡುಗಿಯರದೇ ತುಕಡಿ, ಮುಂದೆ ನಡೆಯುವವಳು ಅಕ್ಷತಾ. ಅಕ್ಷತಾ ನಮ್ಮ ಡೊಂಬಿವಲಿಯವಳೇ, ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುವ ವಾದಿರಾಜ ಉಪಾಧ್ಯರ ಮಗಳು. ಸಣಕಲು ಹುಡುಗಿ, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಬೆಂಚಿಗೆ ಮಾತ್ರ ಕೇಳಿಸುತ್ತದೆ. ಮೈದಾನಕ್ಕೆ ಇಳಿದಳೆಂದರೆ "ಸಾವಧಾನ್!" ಎನ್ನುವ ಕೂಗಿಗೆ ಪಕ್ಕದ ರಸ್ತೆಯ ರಿಕ್ಷಾದವನೂ ನೆಟ್ಟಗಾಗುತ್ತಾನೆ. ಎರಡು ವರ್ಷ ಬಾಟಲಿ ಹಂಚಿದವಳು, ಇದು ಅವಳ ಕೊನೆಯ ವರ್ಷ. ಈ ಸಲ ತಪ್ಪಿದರೆ ಇನ್ನು ಇಲ್ಲ.

ಜನವರಿಯಲ್ಲಿ ಮೇಲಿನ ಕಚೇರಿಯಿಂದ ಹೊಸ ಸಮವಸ್ತ್ರ ಬಂತು. ಬಂತು ಎಂದರೆ, ಶರ್ಟು ಬಂತು. ಪ್ಯಾಂಟು ಮುಂದಿನ ಕಂತಿನಲ್ಲಿ ಎಂದರು. ಹಳೆ ಶರ್ಟು ಒಪ್ಪಿಸಿದರೆ ಮಾತ್ರ ಹೊಸದು ಕೊಡುವ ಪದ್ಧತಿ. ನಾವು ಭಕ್ತಿಯಿಂದ ಹಳೆಯದನ್ನೆಲ್ಲ ಮೂಟೆ ಕಟ್ಟಿ ಕಳಿಸಿದ್ದೆವು. ಈಗ ಮೂವತ್ತರ ಆಸುಪಾಸು ಹುಡುಗಿಯರಿಗೆ ಹೊಸ ಶರ್ಟು, ಹಳೆ ಪ್ಯಾಂಟು. ಹೊಸದು ಹಸಿರು ಬೆರೆತ ಕಡು ಖಾಕಿ. ಹಳೆಯದು ಎಷ್ಟೋ ಬ್ಯಾಚಿನ ಹುಡುಗಿಯರು ತೊಟ್ಟು, ಒಗೆದು, ಬಿಸಿಲಿಗೆ ಹಾಕಿ, ಕಡಲೆಹಿಟ್ಟಿನ ಬಣ್ಣಕ್ಕೆ ಬಂದಿತ್ತು. ನಾನು ಗಾಬರಿಯಾಗಲಿಲ್ಲ. ನನ್ನ ಹತ್ತಿರ ಎರಡನೆಯ ಮಾತು ಇತ್ತಲ್ಲ? ಎಲ್ಲರೂ ಒಂದೇ ರೀತಿ ಬೆರಸಿದ್ದೇವೆ, ಆದ್ದರಿಂದ ಇದು ಸಮವಸ್ತ್ರ.

ಪರೇಡಿಗೆ ಒಂದು ವಾರ ಮುಂಚೆ ತಪಾಸಣೆಗೆ ಕರ್ನಲ್ ಸಾಹೇಬರು ಬಂದರು. ಹುಡುಗಿಯರ ನಡೆ ನೋಡಿ ಮೀಸೆಯೊಳಗೆ ನಕ್ಕರು. ಬಟ್ಟೆ ನೋಡಿ ನಗು ನಿಲ್ಲಿಸಿದರು. ನಾನು ಕಾಯಿದೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಮ್ಯಾಡಮ್, ರೂಲ್ ಸಹೀ ಹೈ. ಲೇಕಿನ್ ದೂರ್ ಸೇ ದೇಖಿಯೇ" ಎಂದರು. ದೂರ ಹೋಗಿ ನೋಡಿದೆ. ಸೊಂಟದ ಮೇಲಿನವರು ಒಂದು ಇಲಾಖೆ, ಸೊಂಟದ ಕೆಳಗಿನವರು ಇನ್ನೊಂದು ಇಲಾಖೆ. ಬೆರಸಬಹುದು, ಆದರೆ ಬಣ್ಣಕ್ಕೆ ಬಣ್ಣ ಜಗಳ ಆಡಬಾರದು ಎಂದರು. ಪರೇಡಿನ ದಿನವೂ ಹೀಗೇ ಇದ್ದರೆ ಹುಡುಗಿಯರು ಎಂದಿನ ಹಾಗೆ ನೀರಿನ ಸೇವೆಗೆ ನಿಲ್ಲಲಿ, ಮೈದಾನಕ್ಕೆ ಬೇಡ.

ಅಕ್ಷತಾ ಸೆಲ್ಯೂಟ್ ಹೊಡೆದು ತಿರುಗಿ ತುಕಡಿಯನ್ನು ನೆರಳಿಗೆ ಒಯ್ದಳು. ಅವಳ ಕಿವಿ ಕೆಂಪಾಗಿದ್ದವು. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಮರುದಿನದಿಂದ ನಾನು ಮಾಡಿದ ಪ್ರಯತ್ನಗಳನ್ನು ಕೇಳಿ ನೀವು ನಗಬಹುದು, ನನ್ನ ಗಂಡನಂತೂ ನಕ್ಕರು. ಹೊಸ ಶರ್ಟನ್ನು ಹಳತು ಮಾಡಬೇಕೆಂದು, ಹೆಚ್ಚಿಗೆ ಬಂದಿದ್ದ ಒಂದನ್ನು ಸೋಡಾ ಹಾಕಿ ಕುದಿಸಿದೆ. ಅದು ಹಳತಾಗುವ ಬದಲು ಜಿರಾಫೆಯಾಯಿತು. ಇನ್ನಷ್ಟನ್ನು ಒಗೆದು ನಮ್ಮ ಸೊಸೈಟಿಯ ಗಚ್ಚಿಯ ಮೇಲೆ ಬಿಸಿಲಿಗೆ ಹರವಿದೆ. ಸೆಕ್ರೆಟರಿ ಬಂದು, ಕಟ್ಟಡದಲ್ಲಿ ಪೊಲೀಸರು ಬಾಡಿಗೆಗೆ ಬಂದಿದ್ದಾರೆಂದು ಸುದ್ದಿ ಹಬ್ಬಿದೆ ಎಂದರು. "ಚಲೋನ ಆತು, ಇನ್ನ ಪಾರ್ಕಿಂಗ್ ಜಗಳಾ ಕಡಿಮಿ ಆಕ್ಕಾವು" ಎಂದರು ನನ್ನ ಗಂಡ. ಜನವರಿಯ ಬಿಸಿಲು ಶರ್ಟನ್ನು ಬೆಚ್ಚಗೆ ಮಾಡಿತೇ ಹೊರತು ಬಣ್ಣ ಮುಟ್ಟಲಿಲ್ಲ. ಹಾಗಾದರೆ ಪ್ಯಾಂಟಿಗೇ ಬಣ್ಣ ಹಾಕಿಸೋಣವೆಂದು ಹೊರಟೆ. ಡೊಂಬಿವಲಿಯಲ್ಲಿ ಬಣ್ಣಕ್ಕೇನು ಬರ, ಎಂಐಡಿಸಿ ಕೈಗಾರಿಕಾ ಪ್ರದೇಶದ ತುಂಬ ಬಣ್ಣದ ಕಾರ್ಖಾನೆಗಳು. ಒಂದು ಕಡೆ ವಿಚಾರಿಸಿದರೆ, ಮಾಲು ಎಷ್ಟು ಟನ್ನು ಎಂದು ಕೇಳಿದರು. ಮೂವತ್ತು ಪ್ಯಾಂಟು ಎಂದೆ. ಫೋನು ಇಟ್ಟರು.

ಪರೇಡಿಗೆ ಮೂರು ದಿನ ಉಳಿದಾಗ ಅಭ್ಯಾಸಕ್ಕೆ ಅಕ್ಷತಾ ತಡವಾಗಿ ಬಂದಳು. ಬಂದಳು ಎನ್ನುವುದಕ್ಕಿಂತ ಯಾರೋ ಅವಳನ್ನು ಎತ್ತಿ ತಂದು ನಿಲ್ಲಿಸಿದಂತಿತ್ತು. ಮೊಣಕೈ ಮಡಚಲಾಗದು, ಮೊಣಕಾಲು ಬಗ್ಗಿಸಲಾಗದು. ಹೆಜ್ಜೆ ಇಟ್ಟರೆ ಚರ್ ಚರ್ ಸದ್ದು.

"ಯಾಕವಾ, ಇದೇನು ಹಪ್ಪಳ ಆಗಿಯಲ್ಲ? ಯಾರು ಹೇಳಿದ್ರು ನಿನಗ ಇಷ್ಟು ಗಂಜಿ ಹಾಕಂತ?" ಎಂದು ಗದರಿದೆ.

"ಸಾರಿ ಮ್ಯಾಮ್. ಪಪ್ಪಾ ನೇ ಕಿಯಾ. ಮೈ ಸೋ ರಹೀ ಥೀ" ಎಂದಳು, ತರಗತಿಯ ದನಿಯಲ್ಲಿ.

ವಿಷಯ ಇಷ್ಟು. ಉಪಾಧ್ಯರ ಮನೆಯಲ್ಲಿ ಮುಖ್ಯವಾದ ಬಟ್ಟೆಯೆಂದರೆ ಅದಕ್ಕೆ ಗಂಜಿಯ ತಿಳಿ ಬೀಳಲೇಬೇಕು. ಹೋಟೆಲಿನ ಗಿರಾಕಿಗಳಿಗೆ ಬಿಳಿ ಅನ್ನ. ಮನೆಯವರಿಗೂ ಊರಿನಿಂದ ಬಂದ ಅಡುಗೆಯವರಿಗೂ ಕುಚ್ಚಲಕ್ಕಿ, ಆ ಕೆಂಪು ಗೆರೆಯ ದಪ್ಪ ಅಕ್ಕಿ. ಅದನ್ನು ಬಸಿದ ತಿಳಿ ತೆಳು ಚಹಾದ ಬಣ್ಣದ್ದು. ಮಗಳು ಬಟ್ಟೆಯ ಚಿಂತೆಯಲ್ಲಿ ಊಟ ಬಿಟ್ಟು ಮಲಗಿದ್ದನ್ನು ಕಂಡು ಆ ತಂದೆ ತನಗೆ ತಿಳಿದಿದ್ದ ಒಂದೇ ಉಪಾಯ ಮಾಡಿದ್ದರು: ಶರ್ಟು ಪ್ಯಾಂಟು ಎರಡನ್ನೂ ಗಟ್ಟಿ ತಿಳಿಯಲ್ಲಿ ಮುಳುಗಿಸಿ, ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದರು. ಸಮವಸ್ತ್ರಕ್ಕೆ ಕುಚ್ಚಲಕ್ಕಿ ಗಂಜಿ ಹಾಕುವ ತಪ್ಪನ್ನು ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ಅನ್ನ ಬೇಯಿಸುವ ಅಪ್ಪ ಮಾತ್ರ ಮಾಡಬಲ್ಲ.

ಇನ್ನಷ್ಟು ಗದರಲು ನಾನು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಬಿಸಿಲಲ್ಲಿ ನಿಂತ ಆ ಹುಡುಗಿಯ ಮೇಲಿನ ಇಲಾಖೆಯೂ ಕೆಳಗಿನ ಇಲಾಖೆಯೂ ರಾಜಿಯಾಗಿದ್ದವು! ಕಡು ಶರ್ಟಿನ ಮೇಲೆ ತಿಳಿಯ ಪದರ ಕೂತು ಹಸಿರು ಮಂಕಾಗಿತ್ತು. ಬಿಳಿಚಿದ ಪ್ಯಾಂಟು ಅಕ್ಕಿಯ ಕೆಂಪು ಹೀರಿ ಮೈದುಂಬಿತ್ತು. ದೂರ ಹೋಗಿ ನೋಡಿದೆ. ಹತ್ತಿರ ಬಂದು ನೋಡಿದೆ. ಒಂದೇ ಖಾಕಿ.

ಇಲ್ಲಿ ಸ್ವಲ್ಪ ಪಾಂಡಿತ್ಯ ಪ್ರದರ್ಶನಕ್ಕೆ ಅನುಮತಿ ಕೊಡಿ. ಖಾಕ್ ಎಂದರೆ ಪಾರಸಿಯಲ್ಲಿ ಧೂಳು. ವಾಯವ್ಯದ ಗುಡ್ಡಗಳಲ್ಲಿ ಬಿಳಿ ಬಟ್ಟೆಯ ಸಿಪಾಯಿಗಳು ಬಂದೂಕಿಗೆ ಸುಲಭದ ಗುರಿಯಾಗುತ್ತಿದ್ದರಂತೆ. ಆಗ ಅವರು ತಮ್ಮ ಬಟ್ಟೆಯನ್ನು ಕೆಸರಿನಲ್ಲಿ, ಚಹಾದ ಸೊಪ್ಪಿನ ನೀರಿನಲ್ಲಿ, ಕೈಗೆ ಸಿಕ್ಕ ಇನ್ನೇನೇನರಲ್ಲೋ ಅದ್ದಿ ಮಣ್ಣಿನ ಬಣ್ಣ ಮಾಡಿಕೊಂಡರು ಎಂದು ಹೇಳುತ್ತಾರೆ. ಅಂದರೆ ಖಾಕಿ ಹುಟ್ಟಿದ್ದೇ ಅಡುಗೆಮನೆಯ ಆಸುಪಾಸಿನಲ್ಲಿ. ನನಗೆ ಅಂದು ಇಷ್ಟು ಆಧಾರ ಸಾಕಾಯಿತು. ಅಭ್ಯಾಸ ಮುಗಿದ ಕೂಡಲೇ ಅಕ್ಷತಾಳ ಜೊತೆ ಲೋಕಲ್ ಹತ್ತಿ ನೇರ ಹೋಟೆಲಿಗೆ ಹೋದೆ.

ಗಲ್ಲಾದಲ್ಲಿ ಕೂತಿದ್ದ ಉಪಾಧ್ಯರು ನನ್ನನ್ನು ಕಂಡು ಎದ್ದು ನಿಂತರು. "ತಪ್ಪಾಯ್ತಾ ಮೇಡಂ? ಹುಡುಗಿ ಊಟ ಬಿಟ್ಟು ಮಲಗಿದ್ದು ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ನಂಗೆ ಬೇರೆ ಎಂತ ಗೊತ್ತುಂಟು?"

"ತಪ್ಪಲ್ರೀ. ಇಂಥಾ ತಪ್ಪು ಇನ್ನೂ ಮೂವತ್ತು ಸಲ ಮಾಡಬೇಕು ನೀವು" ಎಂದೆ.

ಮರುದಿನ ಹುಡುಗಿಯರು ಟಿಟ್ವಾಳಾದಿಂದ, ಕಲ್ಯಾಣದಿಂದ, ಐರೋಲಿಯಿಂದ ಬ್ಯಾಗು ಹೊತ್ತು ಬಂದರು. ಉಪಾಧ್ಯರು ಪಂಚೆ ಎತ್ತಿ ಕಟ್ಟಿ, ದೊಡ್ಡ ಹಂಡೆಯ ಮುಂದೆ ಸೌಟು ಹಿಡಿದು ನಿಂತರು. ಅಷ್ಟು ತಿಳಿ ಬೇಕೆಂದರೆ ಅಷ್ಟು ಅನ್ನ ಬೇಯಬೇಕು, ಬೆಂದ ಅನ್ನವನ್ನು ಯಾರಾದರೂ ಉಣ್ಣಬೇಕು. ಹೊರಗಿನ ಹಲಗೆಯ ಮೇಲೆ ಆ ಮಧ್ಯಾಹ್ನ ಸ್ಪೆಷಲ್ ಎಂದು ಕುಚ್ಚಲಕ್ಕಿ ಊಟವೇ ಬಂತು. ವರ್ಷಾನುಗಟ್ಟಲೆ ಬಿಳಿ ಅನ್ನ ತಿಂದ ಗುಜರಾತಿ ಗಿರಾಕಿಯೊಬ್ಬರು ತಟ್ಟೆಯನ್ನು ಸಂಶಯದಿಂದ ಅತ್ತಿತ್ತ ತಿರುಗಿಸಿದರು. ಹುಡುಗಿಯರು ಗಂಜಿಗೆ ಮಿಡಿ ಉಪ್ಪಿನಕಾಯಿ ನಂಚಿಕೊಂಡು ಇದನ್ನು ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ ಎಂದು ಅಕ್ಷತಾಳನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡರು.

ಸಂಜೆ ಬಟ್ಟೆ ಒಣಗಿತು. ಸಾಲಾಗಿ ಹಿಡಿದು ನೋಡಿದರೆ ಕೊನೆಗೆ ಅದ್ದಿದ ಐದಾರು ಜೋಡಿಯ ಬಣ್ಣ ಬೇರೆ. ಹಂಡೆಯ ತಳದಲ್ಲಿ ತಿಳಿ ಸಾಲದೆ ನೀರು ಬೆರಸಿದ್ದರಂತೆ. ನಾನು ಸುಸ್ತಾಗಿದ್ದೆ. ಆ ಐದಾರು ಜನರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರಾಯಿತು ಎಂದೆ. ಆ ಐದಾರು ಹುಡುಗಿಯರು ನೆಲ ನೋಡಿದರು.

"ನಹೀ ಮ್ಯಾಮ್," ಎಂದಳು ಅಕ್ಷತಾ, ಮೈದಾನದ ದನಿಯಲ್ಲಿ. "ಕಲ್ ಸಬ್ ಕಾ ಫಿರ್ ಸೇ. ಏಕ್ ಹೀ ಹಂಡೇ ಮೇ." ತನ್ನ ಜೋಡಿಯನ್ನು ತೆಗೆದು ಮೊದಲು ನಲ್ಲಿಯ ಕೆಳಗೆ ಹಿಡಿದವಳೂ ಅವಳೇ. ಮೊದಲ ದಿನದಿಂದ ಸರಿಯಾಗಿ ಇದ್ದದ್ದು ಅದೊಂದೇ ಜೋಡಿ, ಅದರ ಗಂಜಿ ಮೋರಿಗೆ ಹರಿದು ಹೋಯಿತು.

"ಪುನಃ ಎಲ್ಲವೂ? ಅಷ್ಟು ಅಕ್ಕಿ ಬೇಯ್ಬೇಕಲ್ಲ ಮಾರಾಯ್ತಿ!" ಎಂದರು ಉಪಾಧ್ಯರು. ಮಗಳು ಅವರನ್ನೇ ನೋಡುತ್ತ ನಿಂತಳು. ಅವರು ತಲೆ ಕೆರೆದುಕೊಂಡು ಒಳಗೆ ಹೋಗಿ ಅಕ್ಕಿ ನೆನೆಹಾಕಿದರು. ಮರುದಿನವೂ ಡೊಂಬಿವಲಿಯ ಗಿರಾಕಿಗಳಿಗೆ ಕುಚ್ಚಲಕ್ಕಿ ಊಟವೇ. ಗುಜರಾತಿ ಗಿರಾಕಿ ಈ ಸಲ ಎರಡನೆಯ ಸಲ ಬಡಿಸಿಕೊಂಡರೆಂದು ಉಪಾಧ್ಯರು ಮೂರು ಬಾರಿ ಬಂದು ಹೇಳಿದರು. ನನ್ನ ಸಮವಸ್ತ್ರ ಪೂರ್ತಿ ಹಳೆಯದು, ಕಾಯಿದೆಯ ಮೊದಲ ಮಾತಿನ ಪ್ರಕಾರ ಸರಿಯಾಗಿಯೇ ಇತ್ತು. ಆದರೂ ನಾನು ಅದನ್ನು ಹುಡುಗಿಯರ ಬಟ್ಟೆಯ ಜೊತೆ ಹಂಡೆಗೆ ಹಾಕಿದೆ. ಒಬ್ಬಳೇ ಬೇರೆಯಾಗಿ ನಿಲ್ಲಲು ನನಗೆ ನಾಚಿಕೆಯಾಯಿತು.

ಗಣರಾಜ್ಯೋತ್ಸವದ ಬೆಳಿಗ್ಗೆ ರಜೆಯಿರುವುದರಿಂದ ಉಡುಪಿ ಹೋಟೆಲುಗಳಲ್ಲಿ ಇಡ್ಲಿಗೆ ಸಾಲು ನಿಲ್ಲುತ್ತದೆ. ಆದ್ದರಿಂದ ಉಪಾಧ್ಯರು ಮಗಳು ಮೈದಾನದಲ್ಲಿ ನಿಂತದ್ದನ್ನು ಒಂದು ಸಲವೂ ನೋಡಿರಲಿಲ್ಲ. ಈ ಸಲ ಅವರು ಪ್ರೇಕ್ಷಕರ ಮೊದಲ ಸಾಲಿನಲ್ಲಿ ಕೂತಿದ್ದರು. ಹೋಟೆಲಿಗೆ ಯಾರಿದ್ದಾರೆ ಎಂದು ಕೇಳಿದೆ. "ಶಟರ್ ಎಳ್ದು ಬಂದೆ. ಗಂಜಿ ನಿಲ್ತದಾ ಅಂತ ನೋಡ್ಬೇಕಲ್ಲ?" ಎಂದರು.

ಗಂಜಿ ನಿಂತಿತು. ಹುಡುಗರ ತುಕಡಿಗಳು, ಪೊಲೀಸ್ ತುಕಡಿ, ಬ್ಯಾಂಡು ಎಲ್ಲ ಹೋದ ಮೇಲೆ ನಮ್ಮ ಹುಡುಗಿಯರು ಬಂದರು. ಮೊದಲು ಬಂದದ್ದು ಸದ್ದು. ಮೂವತ್ತು ಗಂಜಿ ಪ್ಯಾಂಟುಗಳು ಒಂದೇ ಏಟಿಗೆ ಚರ್ ಎನ್ನುತ್ತವೆ, ಒಂದೇ ಏಟಿಗೆ ನಿಲ್ಲುತ್ತವೆ. ಬೂಟಿನ ಸದ್ದಿಗಿಂತ ಅದೇ ಮುಂದೆ ಕೇಳುತ್ತಿತ್ತು. ಆಮೇಲೆ ಬಣ್ಣ. ನೆತ್ತಿಯ ಕೆಂಪು ತುರಾಯಿಯ ಕೆಳಗೆ ಬೂಟಿನ ತನಕ ಒಂದೇ ಮಣ್ಣಿನ ಬಣ್ಣ, ಎಲ್ಲಿ ಹೊಸತು ಮುಗಿದು ಎಲ್ಲಿ ಹಳತು ಶುರುವಾಯಿತೆಂದು ನನಗೇ ತಿಳಿಯಲಿಲ್ಲ. "ದಾಹಿನೇ ದೇಖ್!" ಎಂದಳು ಅಕ್ಷತಾ. ಆ ಕೂಗಿಗೆ ಮೂವತ್ತು ಮುಖ ಒಟ್ಟಿಗೆ ಹೊರಳಿದಾಗ ನನಗೆ ತಡೆಯಲಾರದಷ್ಟು ಅಳು ಬಂತು, ಅತ್ತುಬಿಟ್ಟೆ. ಗೆದ್ದೆವು ಎಂದು ಆಗಲೇ ಗೊತ್ತಾಯಿತು, ಫಲಿತಾಂಶ ಬರುವುದಕ್ಕೆ ಬಹಳ ಮುಂಚೆ.

ಪರೇಡು ನಿಂತ ಮೇಲೆ ಕರ್ನಲ್ ಸಾಹೇಬರು ಸಾಲಿನ ನಡುವೆ ನಡೆದು ಬಂದರು. ಅಕ್ಷತಾಳ ಮುಂದೆ ನಿಂತು ಶರ್ಟು ನೋಡಿದರು, ಪ್ಯಾಂಟು ನೋಡಿದರು, ಮೂಗು ಅರಳಿಸಿದರು. "ಪ್ಯಾಂಟ್ ಕಾ ನಯಾ ಸ್ಟಾಕ್ ಆ ಗಯಾ?"

"ನೋ ಸರ್. ಚಾವಲ್, ಸರ್!"

ಅಕ್ಕಿ ಎಂಬ ಉತ್ತರ ಕೇಳಿ ಅವರು ನನ್ನ ಕಡೆ ತಿರುಗಿದರು. ನಾನು ಆಕಾಶ ನೋಡುತ್ತ ಸಾವಧಾನವಾಗಿ ನಿಂತಿದ್ದೆ. ಅವರು ಇನ್ನೊಮ್ಮೆ ಮೂಗೆಳೆದು, "ಘರ್ ಕೀ ಯಾದ್ ಆ ಗಯೀ" ಎಂದಷ್ಟೇ ಹೇಳಿ ಮುಂದೆ ನಡೆದರು. ಅವರ ಮನೆ ಎಲ್ಲಿಯದೋ ನನಗೆ ಗೊತ್ತಿಲ್ಲ, ಅಲ್ಲಿಯೂ ಅನ್ನ ಬಸಿಯುತ್ತಾರೆಂದು ಕಾಣುತ್ತದೆ. ಮಧ್ಯಾಹ್ನ ಉತ್ತಮ ತುಕಡಿಗೆ ಕೊಡುವ ಬಹುಮಾನದ ಢಾಲು ನಮ್ಮ ಹುಡುಗಿಯರಿಗೆ ಬಂತು. ಆ ವರ್ಷ ನೀರಿನ ಬಾಟಲಿ ಹಂಚಿದ್ದು ನಮ್ಮ ಕಾಲೇಜಿನ ಹುಡುಗರು, ಮತ್ತು ಚೆನ್ನಾಗಿಯೇ ಹಂಚಿದರು.

ಅದಾದ ಮೇಲೆ ನಾನು ಆ ಕಾಯಿದೆಯ ಬಗ್ಗೆ ಬಹಳ ಯೋಚಿಸಿದ್ದೇನೆ. ಅದು ಬಟ್ಟೆಯ ವಯಸ್ಸಿನ ಕುರಿತಾದ ಕಾಯಿದೆ ಎಂದು ನಾನು ಇಷ್ಟು ವರ್ಷ ಹೇಳಿಕೊಡುತ್ತಿದ್ದೆ. ಬರೆದವರ ಮನಸ್ಸಿನಲ್ಲಿ ಬಟ್ಟೆ ಇದ್ದಿರಲಾರದು. ಸಾಲಿನಲ್ಲಿ ನಿಂತ ಒಬ್ಬರೂ ತಾನೊಬ್ಬನೇ ಬೇರೆ ಎಂದು ನೆಲ ನೋಡುವಂತಾಗಬಾರದು, ಅದಷ್ಟೇ ಅವರಿಗೆ ಬೇಕಾಗಿದ್ದದ್ದು. ಅದನ್ನು ಪುಸ್ತಕದಲ್ಲಿ ಬರೆಯಲು ಸೇನೆಗೆ ಸಂಕೋಚವಾಗಿ ಬಕಲ್ಲು, ಛಾಯೆ, ತುರಾಯಿ ಎಂದೆಲ್ಲ ಬರೆದಿದ್ದಾರೆ.

ಢಾಲು ಕಾಲೇಜಿನ ಕಪಾಟಿಗೆ ಹೋಗುವ ಮುಂಚೆ ಒಂದು ದಿನ ಉಪಾಧ್ಯರ ಹೋಟೆಲಿನಲ್ಲಿರಲಿ ಎಂದು ಹುಡುಗಿಯರೇ ತೀರ್ಮಾನ ಮಾಡಿದರು. ಮರುದಿನ ಬೆಳಿಗ್ಗೆ ನಾನು ಕಾಫಿಗೆಂದು ಹೋದಾಗ ಅದು ಗಲ್ಲಾದ ಪಕ್ಕದಲ್ಲಿ, ದೇವರ ಪಟಕ್ಕಿಂತ ತುಸು ಮುಂದೆ ನಿಂತಿತ್ತು. ಮಗಳು ಕಾಲೇಜಿಗೆ ಹೊರಡುವವಳು ಅಲ್ಲೇ ನಿಂತು ಇಡ್ಲಿ ತಿನ್ನುತ್ತಿದ್ದಳು. ದುಡ್ಡು ಕೊಡಲು ಬಂದ ನಮ್ಮ ಗದಗಿನ ಕಡೆಯ ಒಬ್ಬ ಹಿರಿಯರು ಢಾಲನ್ನು ನೋಡಿ, ಇದು ಯಾತಕ್ಕ ಸಿಕ್ಕದ್ದರೀ ಎಂದು ಕೇಳಿದರು.

"ಮಗಳು ಪರೇಡು ನಡೆಸಿದ್ದಕ್ಕೆ" ಎಂದರು ಉಪಾಧ್ಯರು.

"ಪಪ್ಪಾ ಅನ್ನ ಬಸಿದದ್ದಕ್ಕೆ" ಎಂದಳು ಅಕ್ಷತಾ, ಅದೇ ಹೊತ್ತಿಗೆ, ಮೈದಾನದ ದನಿಯಲ್ಲಿ. ಹೋಟೆಲು ಹೋಟೆಲೇ ತಿರುಗಿ ನೋಡಿತು.

ಹಿರಿಯರಿಗೆ ಏನೂ ತಿಳಿಯಲಿಲ್ಲ. ಇವರಿಬ್ಬರಲ್ಲಿ ಯಾರ ಮಾತು ಖರೆ ಎಂದು ನನ್ನನ್ನು ಕೇಳಿದರು.

"ಎರಡೂ ಕೂಡಿಸಿ ತಿಳಕೋರಿ ಕಾಕಾ," ಎಂದೆ, "ಒಂದನ್ನಷ್ಟ ತಿಳಕೊಂಡ್ರ ಬಣ್ಣ ಹೊಂದಂಗಿಲ್ಲ."